ಕಾಶಿಗೆಂದು ಕೊಟ್ಟ ಕುದುರೆ ಕಟಕ್‌ಗೆ ಹೋಗದಂತೆ

ಡಮ್ ಡಮ್ ವಾಸಿಗಳಿಗಾಗಿ ಕುದುರೆ ಕಡ ಕೊಡುವ ಕೈಪಿಡಿ. ಕೊಡುವ ಮುನ್ನ ಪೂರ್ತಿ ಓದಿಕೊಳ್ಳಿ. ಕೊಟ್ಟ ಮೇಲೆ ಓದಿದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗುತ್ತದೆ.

ಈ ಕೈಪಿಡಿ ಯಾರಿಗೆ?

ಕಲ್ಕತ್ತೆಯ ಉತ್ತರಕ್ಕಿರುವ ಡಮ್ ಡಮ್‌ನಲ್ಲಿ ಒಂದು ಕುದುರೆ ಸಾಕಿಕೊಂಡು, ಅದನ್ನು ಆಗಾಗ ಬೇರೆಯವರಿಗೆ ಕಡ ಕೊಡಬೇಕಾದ ಪೇಚಿಗೆ ಸಿಕ್ಕಿಕೊಳ್ಳುವ ಕನ್ನಡಿಗರಿಗೆ. ಅಂಥವರು ಎಷ್ಟು ಜನ ಇದ್ದಾರೆ ಎಂದು ಕೇಳುವುದು ಕೈಪಿಡಿಗಳ ಮರ್ಯಾದೆಗೆ ಕುಂದು. ಕುದುರೆ ಇಲ್ಲದವರು ‘ಕುದುರೆ’ ಎಂದಿರುವಲ್ಲೆಲ್ಲ ಸ್ಕೂಟರ್, ಏಣಿ, ದೊಡ್ಡ ಇಡ್ಲಿ ಪಾತ್ರೆ ಎಂದು ಓದಿಕೊಳ್ಳಬಹುದು. ನಿಯಮಗಳು ಹೆಚ್ಚುಕಮ್ಮಿ ಅವೇ. ಒದೆಸಿಕೊಳ್ಳುವ ಸಂಭವ ಮಾತ್ರ ಕಡಿಮೆ.

ಈ ಊರಿಗೆ ಕುದುರೆ ಹೊಸದಲ್ಲ. 1783ರಿಂದ 1853ರವರೆಗೆ ಬಂಗಾಳದ ಫಿರಂಗಿ ದಳದ ಮುಖ್ಯ ಠಾಣ್ಯ ಇಲ್ಲೇ ಇತ್ತು. ದಳ ಮೀರತ್‌ಗೆ ಹೊರಟುಹೋದ ಮೇಲೆ ಊರು ಗುಂಡು ತಯಾರಿಸಿತು, ಗ್ರಾಮಫೋನ್ ತಟ್ಟೆ ಒತ್ತಿತು, ವಿಮಾನ ಇಳಿಸಿಕೊಂಡಿತು, 1984ರಲ್ಲಿ ಮೆಟ್ರೊ ಹತ್ತಿತು. ಈಗ ಕುದುರೆ ಬೇಕಾಗುವುದು ಮುಖ್ಯವಾಗಿ ಮದುವೆಗೆ. ಬಂಗಾಳಿ ವರ ಹೂವು ಕಟ್ಟಿದ ಕಾರಿನಲ್ಲಿ ಬರುತ್ತಾನೆ, ಅವನಿಂದ ನಮಗೆ ತೊಂದರೆ ಇಲ್ಲ. ಆದರೆ ದಕ್ಷಿಣ ಡಮ್ ಡಮ್ ಪುರಸಭೆಯ ಲೇಕ್ ಟೌನ್, ಬಾಂಗುರ್ ಅವೆನ್ಯೂಗಳಲ್ಲಿ ಮಾರವಾಡಿ ಕುಟುಂಬಗಳು ಬೇಕಾದಷ್ಟಿವೆ, ಅವರ ವರನಿಗೆ ಬಿಳಿ ಕುದುರೆಯೇ ಆಗಬೇಕು. ಕುದುರೆ ಕಂಡರೆ ಕಾಲುನೋವು ಅನ್ನುತ್ತಾರೆ. ನಿಮ್ಮ ಲಾಯದಲ್ಲಿ ಬಿಳಿಯದೊಂದು ನಿಂತಿದೆ ಎಂದು ಗೊತ್ತಾದ ದಿನದಿಂದ ಪರಿಚಿತರ ಪರಿಚಿತರಿಗೆಲ್ಲ ಕಾಲು ನೋಯತೊಡಗುತ್ತದೆ.

ಪೊಟ್ಟಣದಲ್ಲಿ ಇರಬೇಕಾದವು

ಕುದುರೆ, 1. ಅದನ್ನು ಕೊಂಡ ರಸೀದಿ, 1. ಗುರುತಿನ ಹಾಳೆ, 1. ಪಶುವೈದ್ಯರ ಪ್ರಮಾಣಪತ್ರ, 1. ಕಡಪತ್ರ, 2 ಪ್ರತಿ. ಜೀನು, ಲಗಾಮು, ರಿಕಾಪು, ಹಗ್ಗ, ಹುರುಳಿ ಚೀಲ ಇವುಗಳ ಪಟ್ಟಿ, 2 ಪ್ರತಿ. ದಾಕ್ಷಿಣ್ಯ, ಬೇಡವೆಂದರೂ ಜೊತೆಯಲ್ಲೇ ಬಂದಿರುತ್ತದೆ. ಅದನ್ನು ತೆಗೆದು ಮಕ್ಕಳ ಕೈಗೆ ಸಿಗದಂತೆ ಮೇಲಿಡಿ.

ಮುಖ್ಯ ಎಚ್ಚರಿಕೆ

ಕುದುರೆಯನ್ನು ಕಳ್ಳರು ಹೊಡೆದುಕೊಂಡು ಹೋಗುವುದು ಅಪರೂಪ. ಅದು ಕೈತಪ್ಪುವುದು ಒಳ್ಳೆಯವರಿಂದ. ಇದನ್ನು ನಮಗಿಂತ ಮೊದಲು ಕಂಡುಕೊಂಡದ್ದು 1872ರ ಭಾರತೀಯ ಕರಾರು ಕಾಯಿದೆ. ಒಬ್ಬರ ವಸ್ತುವನ್ನು ಇನ್ನೊಬ್ಬರು ಒಂದು ಉದ್ದೇಶಕ್ಕೆಂದು ಪಡೆದು, ಅದು ತೀರಿದ ಮೇಲೆ ಹಿಂದಿರುಗಿಸುವ ವ್ಯವಹಾರಕ್ಕೆ ವಕೀಲರು ‘ಬೇಲ್‌ಮೆಂಟ್’ ಅನ್ನುತ್ತಾರೆ. ಕಾಯಿದೆಯ 9ನೇ ಅಧ್ಯಾಯ ಪೂರ್ತಿ ಅದರದೇ. ಕಲ್ಕತ್ತೆ ದೇಶದ ರಾಜಧಾನಿಯಾಗಿದ್ದ ಕಾಲ. ಉದಾಹರಣೆ ಬೇಕೆನಿಸಿದಾಗ ಕಾಯಿದೆ ಬರೆದವರ ಕಣ್ಣಿಗೆ ಮತ್ತೆ ಮತ್ತೆ ಕುದುರೆಯೇ ಬಿದ್ದಿದೆ.

154ನೇ ಕಲಮಿನ ಕೆಳಗೆ ಇವತ್ತಿಗೂ ಒಂದು ಪುಟ್ಟ ಕಥೆ ಇದೆ. ಒಬ್ಬಾತ ಕಲ್ಕತ್ತೆಯಲ್ಲಿ ಕುದುರೆಯೊಂದನ್ನು ಬಾಡಿಗೆಗೆ ಪಡೆಯುತ್ತಾನೆ, ಬನಾರಸಿಗೆ ಹೋಗುವುದಕ್ಕೆಂದೇ ಸ್ಪಷ್ಟವಾಗಿ ಹೇಳಿ. ಸವಾರಿಯನ್ನೂ ಜೋಪಾನವಾಗಿಯೇ ಮಾಡುತ್ತಾನೆ. ಆದರೆ ಹೋಗುವುದು ಕಟಕ್‌ಗೆ. ದಾರಿಯಲ್ಲಿ ಕುದುರೆ ಆಕಸ್ಮಿಕವಾಗಿ ಮುಗ್ಗರಿಸಿ ಬಿದ್ದು ಗಾಯ ಮಾಡಿಕೊಳ್ಳುತ್ತದೆ. ನಷ್ಟ ಅವನೇ ತುಂಬಿಕೊಡಬೇಕು.

ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಅವನು ಕುದುರೆಗೆ ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಹೇಳಿದ್ದು ಕಾಶಿ, ಹಿಡಿದದ್ದು ಪುರಿಯ ಕಡೆಯ ದಾರಿ, ಅಷ್ಟೇ. ಆದರೆ ಆ ‘ಅಷ್ಟೇ’ ಲೆಕ್ಕಕ್ಕೆ ಬರಬೇಕಾದರೆ ಕಾಶಿ ಎಂದು ಮೊದಲೇ ಬಾಯಿಬಿಟ್ಟು ಹೇಳಿರಬೇಕು. ‘ಎಲ್ಲಿಗಾದರೂ ಹೋಗಿ ಬನ್ನಿ, ನಿಮ್ಮದೇ ಕುದುರೆ ಅಂದ್ಕೊಳ್ಳಿ’ ಎಂದು ಮಾಲೀಕ ಧಾರಾಳವಾಗಿ ಅಂದುಬಿಟ್ಟಿದ್ದರೆ ಕಟಕ್ ಕೂಡ ಸರಿದಾರಿಯೇ ಆಗುತ್ತಿತ್ತು. ಹಾಗೆ ಅನ್ನಿಸುವುದು ದಾಕ್ಷಿಣ್ಯ. ಕಡಪತ್ರದ ಕೆಲಸ ಎದುರಿನವರ ಮೇಲೆ ಅನುಮಾನ ಪಡುವುದಲ್ಲ. ಎದುರಾ ಎದುರು ಕೇಳಲು ನಾಲಿಗೆ ಏಳದ ಪ್ರಶ್ನೆಗಳನ್ನು ನಮ್ಮ ಪರವಾಗಿ ಕೇಳುವುದು.

ಹಂತ 1: ಕುದುರೆ ನಿಮ್ಮದೆಂದು ಮೊದಲು ನೀವು ಖಚಿತಪಡಿಸಿಕೊಳ್ಳಿ

ಹಾಸ್ಯವಲ್ಲ. ಒಂದು ವಸ್ತು ಯಾರ ವಶದಲ್ಲಿದೆಯೋ ಅವರು ಅದರ ಮಾಲೀಕರಲ್ಲ ಎಂದು ಯಾರು ವಾದಿಸುತ್ತಾರೋ ಅವರೇ ರುಜುವಾತು ಮಾಡಬೇಕು. 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದ ಈ ನಿಯಮ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಮುಂದುವರಿದಿದೆ. ಅಂದರೆ ನಿಮ್ಮ ಕುದುರೆ ಎರಡು ವರ್ಷ ಇನ್ನೊಬ್ಬರ ಹಿತ್ತಲಲ್ಲಿ ಕಟ್ಟಿಸಿಕೊಂಡು ಹುರುಳಿ ತಿಂದಿದ್ದರೆ, ಅದು ನನ್ನದು ಎಂದು ಸಾಬೀತು ಮಾಡುವ ಭಾರ ನಿಮ್ಮ ತಲೆ ಮೇಲೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎನ್ನುವ ಗಾದೆಯನ್ನು ಸರ್ಕಾರ ಕಲಮು ಹಾಕಿ ಬರೆದಿದೆ ಎಂದುಕೊಳ್ಳಿ.

ಆದ್ದರಿಂದ ಕೊಂಡ ರಸೀದಿ ಹುಡುಕಿ. ಬಿಹಾರದ ಸೋನಪುರದಲ್ಲಿ ಕಾರ್ತಿಕ ಹುಣ್ಣಿಮೆಗೆ ಸೇರುವ ಜಾತ್ರೆಯಲ್ಲಿ ಕೊಂಡಿದ್ದರೆ ಚೀಟಿ ಏನಾದರೂ ಬರೆಸಿಕೊಂಡಿದ್ದೀರಾ ನೋಡಿ. ನಮ್ಮ ದನದ ಜಾತ್ರೆಗಳ ವ್ಯಾಪಾರ ಕಂಡವರಿಗೆ ಇದರ ಕಷ್ಟ ಗೊತ್ತು. ಮಾರುವವನೂ ದಲ್ಲಾಳಿಯೂ ಟವೆಲ್ಲಿನ ಮರೆಯಲ್ಲಿ ಕೈ ಸೇರಿಸುತ್ತಾರೆ, ಬೆರಳು ಹಿಡಿದು ಸಾವಿರ, ಗೆಣ್ಣು ಒತ್ತಿ ನೂರು ಎಂದು ಮಾತಾಡುತ್ತಾರೆ, ಮುಖದಲ್ಲಿ ಏನೂ ಕಾಣುವುದಿಲ್ಲ. ಟವೆಲ್ ತೆಗೆದಾಗ ವ್ಯಾಪಾರ ಮುಗಿದಿರುತ್ತದೆ. ಆ ಬೆರಳುಗಳನ್ನು ಕೋರ್ಟಿಗೆ ಹಾಜರುಪಡಿಸುವುದು ಹೇಗೆ? ಮಾರಿದವರ ಹೆಸರು, ಊರು, ತಾರೀಖು, ಬೆಲೆ, ಇಬ್ಬರು ಸಾಕ್ಷಿಗಳ ಸಹಿ ಇಷ್ಟನ್ನಾದರೂ ಅಲ್ಲೇ ಬರೆಸಿಕೊಂಡಿರಬೇಕು.

ಕುದುರೆ ಪಾಲಿನದಾಗಿದ್ದರೆ ಇನ್ನೊಂದು ಸಂಗತಿ. ಜಂಟಿ ಮಾಲೀಕರಲ್ಲಿ ಒಬ್ಬ, ಇನ್ನೊಬ್ಬನ ವಶದಲ್ಲಿದ್ದ ಕುದುರೆಯನ್ನು ಬಳಸಲು ಒಯ್ದರೆ ಅದು ಅಪರಾಧವಲ್ಲ. ಮಾರಿ ಹಣವನ್ನೆಲ್ಲ ತಾನೇ ನುಂಗಿದರೆ ಅಪರಾಧ. ಹಳೆಯ ದಂಡ ಸಂಹಿತೆಯ ಈ ಉದಾಹರಣೆಯಲ್ಲೂ ಇರುವುದು ಕುದುರೆಯೇ, ಹೊಸ ನ್ಯಾಯ ಸಂಹಿತೆಗೂ ಅದು ಹಾಗೇ ದಾಟಿ ಬಂದಿದೆ. ಭಾವಮೈದನ ಜೊತೆ ಸೇರಿ ಕುದುರೆ ಕೊಂಡವರು ಕಡ ಕೊಡುವ ಮುನ್ನ ಭಾವಮೈದನ ಸಹಿಯನ್ನೂ ಹಾಕಿಸಿಕೊಳ್ಳತಕ್ಕದ್ದು.

ಹಂತ 2: ‘ಬಿಳಿ ಕುದುರೆ’ ಎಂದಷ್ಟೇ ಬರೆಯಬೇಡಿ

ಮದುವೆ ಕಾಲದಲ್ಲಿ ಊರಲ್ಲಿರುವ ಕುದುರೆಗಳೆಲ್ಲ ಬಿಳಿಯವೇ. ಕರಾರು ಕಾಯಿದೆಗೂ ಬಿಳಿ ಕುದುರೆಯ ಕಾಟ ತಪ್ಪಿಲ್ಲ. ‘ನನ್ನ ಬಿಳಿ ಕುದುರೆಯನ್ನು ಐನೂರಕ್ಕೋ ಸಾವಿರಕ್ಕೋ ಕೊಡುತ್ತೇನೆ’ ಎಂದು ಒಪ್ಪಿಕೊಂಡರೆ ಬೆಲೆ ಯಾವುದೆಂದು ಗೊತ್ತಾಗದ ಕಾರಣ ಒಪ್ಪಂದವೇ ಅನೂರ್ಜಿತ ಎಂದು 29ನೇ ಕಲಂ ಹೇಳುತ್ತದೆ. ಸ್ಪಷ್ಟತೆ ಇಲ್ಲದ ಕಾಗದ ಕಾಗದವೇ ಅಲ್ಲ.

ಬಿಳಿಯಲ್ಲೂ ಬಗೆಗಳಿವೆ. ನುಕ್ರಾ ಎನ್ನುವವು ಹುಟ್ಟಾ ಬಿಳಿ, ಚರ್ಮ ಗುಲಾಬಿ. ಮೂತಿ ನೋಡಿದರೆ ತಿಳಿಯುತ್ತದೆ. ಉಳಿದ ಎಷ್ಟೋ ಬಿಳಿ ಕುದುರೆಗಳು ಹುಟ್ಟುವಾಗ ಕಪ್ಪೋ ಕಂದೋ ಆಗಿದ್ದು, ವರ್ಷ ಕಳೆದಂತೆ ಕೂದಲು ನರೆತು ಬೆಳ್ಳಗಾದವು. ಅವುಗಳ ಚರ್ಮ ಕೊನೆಯವರೆಗೂ ಕಪ್ಪು. ಹೀಗಾಗಿ ಮರಿಯಾಗಿದ್ದಾಗ ತೆಗೆದ ಫೋಟೊ ತೋರಿಸಿ ‘ಇದೇ ನಮ್ಮ ಕುದುರೆ’ ಎಂದರೆ ನಿಮ್ಮ ವಕೀಲರೂ ನಂಬುವುದಿಲ್ಲ.

ನಂಬಬೇಕಾದ್ದು ಸುಳಿಯನ್ನು. ನಮ್ಮ ಹಿರಿಯರು ಕುದುರೆ, ಎತ್ತು ಕೊಳ್ಳುವಾಗ ಸುಳಿ ನೋಡುತ್ತಿದ್ದದ್ದು ಶುಭ ಅಶುಭಕ್ಕೆ. ಇಂದು ಕುದುರೆಗಳ ಪಾಸ್‌ಪೋರ್ಟಿನಲ್ಲಿ ಸುಳಿ ಗುರುತು ಹಾಕುವುದು ಬೇರೆ ಕಾರಣಕ್ಕೆ: ಕೂದಲ ಬಣ್ಣ ಬದಲಾದರೂ ಸುಳಿ ಜಾಗ ಬಿಟ್ಟು ಕದಲುವುದಿಲ್ಲ. ಒಂದು ಹಾಳೆಯಲ್ಲಿ ಕುದುರೆಯ ಎಡಮಗ್ಗುಲು, ಬಲಮಗ್ಗುಲು, ಎದುರುಮುಖದ ಗೆರೆಚಿತ್ರ ಬರೆದು ಹೀಗೆ ತುಂಬಿ: ‘ಹೆಣ್ಣು, 9 ವರ್ಷ. ಹಣೆಯಲ್ಲಿ ಒಂದೇ ಸುಳಿ, ಎಡಗಣ್ಣಿನ ಮೇಲಂಚಿಗೆ ಸಮನಾಗಿ. ಕತ್ತಿನ ಬಲಕ್ಕೆ ಜೂಲಿನ ಬುಡದಲ್ಲಿ ಉದ್ದ ಸುಳಿ. ಬಲ ಹಿಂಗಾಲಿನ ಗೊರಸು ಬಿಳಿ, ಮಧ್ಯೆ ಕಪ್ಪು ಗೆರೆ. ಎಡ ಮೊಣಕಾಲ ಕೆಳಗೆ ಹಳೆಯ ಗಾಯದ ಕಲೆ, ಕೂದಲಿಲ್ಲ. ನಾಲ್ಕೂ ಲಾಳ ಹೊಸವು.’ ಹಲ್ಲು ಬಿಡಿಸಿ ಒಂದು ಫೋಟೊ, ಗೊರಸು ಎತ್ತಿಸಿ ನಾಲ್ಕು. ಕೂಡಿದರೆ ಕತ್ತಿನ ಎಡಭಾಗದಲ್ಲಿ ಮೈಕ್ರೊಚಿಪ್ ಹಾಕಿಸಿ, 15 ಅಂಕಿಯ ಅದರ ಸಂಖ್ಯೆಯನ್ನು ಹಾಳೆಯಲ್ಲಿ ಬರೆಯಿರಿ. ರೇಸಿನ ಕುದುರೆಗಾದರೆ ಪುಣೆಯ ಸ್ಟಡ್ ಬುಕ್ ಪ್ರಾಧಿಕಾರದ ದಾಖಲೆ ಇರುತ್ತದೆ. ಅಂಥ ಕುದುರೆಯನ್ನು ಗುತ್ತಿಗೆಗೆ ಕೊಟ್ಟರೆ ಕರಾರನ್ನು ಟರ್ಫ್ ಕ್ಲಬ್ಬಿನಲ್ಲಿ ನೋಂದಾಯಿಸಬೇಕು. ಮದುವೆ ಕುದುರೆಗೆ ಆ ಭಾಗ್ಯವಿಲ್ಲ. ಅದರ ಪ್ರಾಧಿಕಾರ ನೀವೇ.

ಹಂತ 3: ದುರ್ಗುಣಗಳನ್ನು ಬಚ್ಚಿಡಬೇಡಿ

ಹೆಣ್ಣು ನೋಡಲು ಬಂದವರ ಮುಂದೆ ಮಗಳನ್ನು ಹೊಗಳುವ ಅಭ್ಯಾಸ ಇಲ್ಲಿ ನಡೆಯದು. ಕಚ್ಚುವ, ಒದೆಯುವ, ಬೆದರಿ ಓಡುವ ಚಾಳಿ ನಿಮಗೆ ಗೊತ್ತಿದ್ದೂ ಹೇಳದೆ ಕೊಟ್ಟು, ಸವಾರ ಬಿದ್ದು ಪೆಟ್ಟಾದರೆ ಹೊಣೆ ನಿಮ್ಮದು. ಇದು ಕರಾರು ಕಾಯಿದೆಯ 150ನೇ ಕಲಂ. ಉದಾಹರಣೆ, ಹೇಳಬೇಕಾಗಿಲ್ಲ, ಕುದುರೆ. ಪುಕ್ಕಟೆ ಕೊಟ್ಟಿದ್ದರೆ ನಿಮಗೆ ಗೊತ್ತಿದ್ದ ದೋಷಕ್ಕಷ್ಟೇ ಹೊಣೆ. ಬಾಡಿಗೆಗೆ ಕೊಟ್ಟಿದ್ದರೆ ಗೊತ್ತಿರಲಿಲ್ಲ ಎನ್ನುವ ನೆಪವೂ ನಿಲ್ಲುವುದಿಲ್ಲ. ಆದ್ದರಿಂದ ಉಪಕಾರಕ್ಕೆ ಕೊಡುವವರು ಉಪಕಾರವಾಗಿಯೇ ಕೊಡಿ. ಸಂದೇಶ್ ಪೊಟ್ಟಣ ತಂದರೆ ಇಟ್ಟುಕೊಳ್ಳಿ, ನೋಟಿನ ಕವರ್ ತಂದರೆ ಹಿಂದಕ್ಕೆ ಕೊಡಿ.

ಬ್ಯಾಂಡ್ ಸೆಟ್ಟು, ಪಟಾಕಿ, ಜನರೇಟರ್ ದೀಪ, ಮೂಗಿನ ಮುಂದೆಯೇ ಕುಣಿಯುವ ಮಾವಂದಿರು ಇವುಗಳಲ್ಲಿ ಯಾವುದಕ್ಕೆ ನಿಮ್ಮ ಕುದುರೆ ಬೆಚ್ಚುತ್ತದೆ ಎಂದು ಬರೆದುಕೊಡಿ. ಮುಳ್ಳಿನ ಕಡಿವಾಣ ಹಾಕಿ ಅದನ್ನು ಸುಮ್ಮನಿರಿಸುತ್ತೇವೆ ಎನ್ನುವವರಿಗೆ ಪ್ರಾಣಿಹಿಂಸೆ ತಡೆಯುವ 1965ರ ನಿಯಮಗಳಲ್ಲಿ ಅದು ನಿಷಿದ್ಧ ಎಂದು ತಿಳಿಸಿ. ಅದೇ ನಿಯಮಗಳ ಪ್ರಕಾರ ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಮದುಮಗನನ್ನು ಹೊರೆ ಎನ್ನಬಹುದೇ ಎಂಬ ಪ್ರಶ್ನೆ ನಿಮಗೆ ಬಿಟ್ಟದ್ದು. ಗಂಟೆಗಳನ್ನಂತೂ ಪತ್ರದಲ್ಲಿ ನಮೂದಿಸಿ.

ಆರೋಗ್ಯದ ಪ್ರಮಾಣಪತ್ರದ ವಿಷಯದಲ್ಲಿ ಡಮ್ ಡಮ್‌ನವರು ಪುಣ್ಯವಂತರು. 1893ರಲ್ಲಿ ಶುರುವಾದ ಪಶುವೈದ್ಯ ಕಾಲೇಜು ಬೆಲ್ಗಾಚಿಯಾದಲ್ಲಿದೆ, ಮೆಟ್ರೊದಲ್ಲಿ ಒಂದೇ ನಿಲ್ದಾಣ. ಕುದುರೆಗೆ ಮೆಟ್ರೊ ಹತ್ತಲು ಬಿಡುವುದಿಲ್ಲವಾದ್ದರಿಂದ ನೀವು ಮೊದಲು ಹೋಗಿ ವಿಚಾರಿಸಿ ಬನ್ನಿ. ಗ್ಲ್ಯಾಂಡರ್ಸ್ ರೋಗ ಮನುಷ್ಯರಿಗೂ ಅಂಟುತ್ತದೆ. ರಕ್ತದ ಮಾದರಿ ಹರಿಯಾಣದ ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದವರೆಗೂ ಹೋಗುವುದುಂಟು. ಕುದುರೆ ಹೋಗುವಾಗೊಂದು, ಮರಳಿ ಬಂದಾಗೊಂದು ತಪಾಸಣೆ ಆಗಲೇಬೇಕು. ಎರಡನೆಯದನ್ನೇ ಎಲ್ಲರೂ ಮರೆಯುವುದು.

ಹಂತ 4: ಎಲ್ಲಿಗೆ, ಯಾರು, ಎಷ್ಟು ಹೊತ್ತು

ಸಾಮಾನ್ಯವಾಗಿ ನಡೆಯುವ ಸಂಭಾಷಣೆ:

‘ಸಾರ್, ನಮ್ಮ ಮನೆ ಓನರ್ ಮಗನ ಮದುವೆ. ನಿಮ್ಮ ಕುದುರೆ ಸುಮ್ನೆ ನಿಂತಿರುತ್ತಲ್ಲ, ಒಂದು ಸಂಜೆ ಮಟ್ಟಿಗೆ...’

‘ಎಲ್ಲಿಂದ ಎಲ್ಲಿಗೆ ಹೋಗುತ್ತೆ?’

‘ಇಲ್ಲೇ ಸಾರ್.’

‘ಇಲ್ಲೇ ಅಂದ್ರೆ?’

‘ಇಲ್ಲೇ ಅಂದ್ರೆ... ಲೇಕ್ ಟೌನ್ ಕಡೆ. ನೀವೇನೂ ಯೋಚನೆ ಮಾಡ್ಬೇಡಿ.’

‘ವಾಪಸ್ ಎಷ್ಟೊತ್ತಿಗೆ?’

‘ಮುಗಿದ ತಕ್ಷಣ ತಂದು ಕಟ್ತೀವಿ.’

‘ಕೂರೋದು ಗಂಡು ಒಬ್ಬನೇ ತಾನೆ?’

‘ಮತ್ತಿನ್ಯಾರು ಸಾರ್! ಮುಂದುಗಡೆ ಒಂದು ಮಗು ಕೂರುತ್ತೆ, ಅದು ಲೆಕ್ಕಕ್ಕಿಲ್ಲ.’

ಇಲ್ಲಿಯವರೆಗೆ ನಿಮಗೆ ಒಂದೇ ಒಂದು ಉತ್ತರವೂ ಸಿಕ್ಕಿಲ್ಲ ಎನ್ನುವುದನ್ನು ಗಮನಿಸಿ. ಆದರೂ ಈ ಹಂತದಲ್ಲಿ ಹತ್ತರಲ್ಲಿ ಒಂಬತ್ತು ಮಾಲೀಕರು ‘ಆಯ್ತು ಬಿಡಿ, ಕಾಫಿ ತಗೊಳ್ಳಿ’ ಎಂದುಬಿಡುತ್ತಾರೆ. ಕಾಫಿ ಕೊಡಿ, ಆದರೆ ಉತ್ತರ ಬರೆಸಿಕೊಂಡ ಮೇಲೆ.

‘ಇಲ್ಲೇ’ ಎಂದರೆ ಯಾವ ಮನೆಯಿಂದ ಯಾವ ಕಲ್ಯಾಣ ಮಂಟಪಕ್ಕೆ, ಯಾವ ರಸ್ತೆಯಲ್ಲಿ? ನಾಗೇರ್‌ಬಜಾರಿನಿಂದ ಜೆಸ್ಸೋರ್ ರಸ್ತೆ ಹಿಡಿದವರು ವಿಮಾನ ನಿಲ್ದಾಣ, ಬಾರಾಸಾತ್ ದಾಟಿ ಬೊಂಗಾವ್‌ವರೆಗೂ ‘ಇಲ್ಲೇ’ ಎನ್ನಬಲ್ಲರು. ಅದರಾಚೆ ಬಾಂಗ್ಲಾದೇಶ. ‘ಮುಗಿದ ತಕ್ಷಣ’ ಎಂದರೆ ಎಷ್ಟು ಗಂಟೆ? ಲಂಡನ್ನಿನ ಬಿಗ್ ಬೆನ್ನಿನ ನಕಲೊಂದನ್ನು ಲೇಕ್ ಟೌನ್‌ನ ವಿಐಪಿ ರಸ್ತೆ ಬದಿಗೆ ಕಟ್ಟಿ ನಿಲ್ಲಿಸಿದ್ದಾರೆ, ಹೊತ್ತು ಗೊತ್ತಾಗಲಿಲ್ಲ ಎಂದು ಆ ಕಡೆಯವರು ಹೇಳುವಂತಿಲ್ಲ. ಇನ್ನು ಲೆಕ್ಕಕ್ಕಿಲ್ಲದ ಮಗು. 154ನೇ ಕಲಮಿನ ಮೊದಲ ಉದಾಹರಣೆ ಆ ಮಗುವಿನದೇ ಎನ್ನಬಹುದು: ತಾನೊಬ್ಬನೇ ಸವಾರಿ ಮಾಡಲೆಂದು ಕಡ ತಂದ ಕುದುರೆಯ ಮೇಲೆ ಮನೆಯ ಇನ್ನೊಬ್ಬರನ್ನು ಕೂರಿಸಿ, ಅವರು ಜೋಪಾನವಾಗಿ ಓಡಿಸಿದರೂ ಕುದುರೆ ಬಿದ್ದರೆ, ನಷ್ಟ ತಂದವನದು. ಮಗು ಕೂರಬಾರದೆಂದಲ್ಲ. ‘ವರ, ಮುಂದೆ ಒಂದು ಮಗು’ ಎಂದು ಬರೆದರೆ ಮಗು ನ್ಯಾಯವಾಗಿ ಕೂರುತ್ತದೆ. ಮರುದಿನ ಅದೇ ಕುದುರೆಯನ್ನು ಗಾಡಿಗೆ ಹೂಡಿ ನೆಂಟರನ್ನು ಊರು ಸುತ್ತಿಸಿದರೆ, 153ನೇ ಕಲಮಿನ ಪ್ರಕಾರ ನೀವು ಮನಸ್ಸು ಮಾಡಿದರೆ ಅಲ್ಲಿಗೇ ಕರಾರು ಮುಗಿಯಿತು.

ಜೊತೆಗೆ ಕುದುರೆ ನೋಡಿಕೊಳ್ಳುವ ನಿಮ್ಮ ಸೈಸ್ ಹೋಗುತ್ತಾನೆ ಎಂದು ಬರೆಯಿರಿ. ಯಾವ ಕಲಮಿಗಿಂತಲೂ ಇದು ಗಟ್ಟಿ.

ಹಂತ 5: ಮೇವು, ಲಾಳ, ಮರಿ

ಒಂದು ಸಂಜೆಯ ಕಡಕ್ಕೆ ಮೇವಿನ ಜಗಳ ಬರುವುದಿಲ್ಲ. ತಿಂಗಳುಗಟ್ಟಲೆ ಕೊಡುವುದಾದರೆ ಹುರುಳಿ, ಹುಲ್ಲು, ಲಾಳ, ವೈದ್ಯರು ಯಾರ ಖರ್ಚು ಎಂದು ಒಂದೊಂದಾಗಿ ಬರೆಯಿರಿ. ‘ಎಲ್ಲ ನಾವು ನೋಡ್ಕೋತೀವಿ’ ಎನ್ನುವ ಮಾತು ಹೊಟ್ಟೆನೋವು ಬರುವವರೆಗೆ ಮಾತ್ರ ಚಾಲ್ತಿಯಲ್ಲಿರುತ್ತದೆ. ತನ್ನದೇ ವಸ್ತುವಾಗಿದ್ದರೆ ಸಾಮಾನ್ಯ ವಿವೇಕಿಯೊಬ್ಬ ಎಷ್ಟು ಜೋಪಾನ ಮಾಡುತ್ತಿದ್ದನೋ ಅಷ್ಟು ಜೋಪಾನ ಮಾಡಬೇಕೆಂದು 151ನೇ ಕಲಂ ಹೇಳುತ್ತದೆ. ಕೇಳಲು ಬಂದವರು ತಮ್ಮ ಸ್ಕೂಟರನ್ನು ಹೇಗೆ ಇಟ್ಟುಕೊಂಡಿದ್ದಾರೆ ಎಂದು ಗೇಟಿನ ಬಳಿ ಒಮ್ಮೆ ನೋಡಿ ಬಂದರೆ ಅವರ ವಿವೇಕದ ಅಳತೆ ಸಿಗುತ್ತದೆ.

ಹೆಣ್ಣು ಕುದುರೆಯಾದರೆ ಇನ್ನೂ ಒಂದು. ಮನೆ ಬಾಡಿಗೆ ಕರಾರಿನಂತೆ ಕುದುರೆಯದನ್ನೂ 11 ತಿಂಗಳಿಗೆ ಬರೆಸುವ ಆಸೆ ಕೆಲವರಿಗೆ. ಕುದುರೆ ಗರ್ಭ ಹೊರುವುದೂ ಸುಮಾರು 11 ತಿಂಗಳೇ. ಕರಾರು ಮುಗಿಯುವ ದಿನಕ್ಕೆ ಸರಿಯಾಗಿ ಒಂದರ ಬದಲು ಎರಡು ಬಂದು ಬಾಗಿಲಲ್ಲಿ ನಿಂತರೆ? ಬೇರೆ ಮಾತಾಗಿಲ್ಲದಿದ್ದರೆ ಮರಿ ನಿಮ್ಮದು, 163ನೇ ಕಲಂ. ಇಲ್ಲಿ ಕಾಯಿದೆ ಕುದುರೆ ಬಿಟ್ಟು ಹಸು ಕರುವಿನ ಉದಾಹರಣೆ ಕೊಟ್ಟಿದೆ.

ಹಂತ 6: ಸಹಿ, ಸಾಕ್ಷಿ, ಸರಹದ್ದು

ಛಾಪಾ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿ. ಸಾಕ್ಷಿಗಳಲ್ಲಿ ಒಬ್ಬರಾದರೂ ಊಟಕ್ಕೆ ಕರೆಯಿಸಿಕೊಳ್ಳದವರಾಗಿರಲಿ. ಪತ್ರದಲ್ಲಿ ‘ಡಮ್ ಡಮ್’ ಎಂದಷ್ಟೇ ವಿಳಾಸ ಬರೆದರೆ ಸಾಲದು. ಆ ಹೆಸರಿನ ಪುರಸಭೆಗಳೇ ಮೂರು, ಡಮ್ ಡಮ್, ಉತ್ತರ ಡಮ್ ಡಮ್, ದಕ್ಷಿಣ ಡಮ್ ಡಮ್. ಡಮ್ ಡಮ್ ಠಾಣೆ ಬ್ಯಾರಕ್‌ಪುರ ಕಮಿಷನರೇಟಿನದು, ಲೇಕ್ ಟೌನ್ ಠಾಣೆ ಬಿಧಾನ್‌ನಗರದ್ದು. ಕುದುರೆ ಬಾಲ ಬೀಸುತ್ತ ನಡೆದು ಹೋಗುವಷ್ಟರಲ್ಲಿ ಪೊಲೀಸರು ಬದಲಾಗಿರುತ್ತಾರೆ. ದೂರು ಕೊಡುವ ಪ್ರಸಂಗ ಬಂದರೆ ಎಲ್ಲಿ ಕೊಟ್ಟಿರಿ, ಎಲ್ಲಿ ಹಿಂದಿರುಗಿಸಬೇಕಿತ್ತು ಎಂಬ ಎರಡು ವಿಳಾಸಗಳೇ ನಿಮ್ಮನ್ನು ಠಾಣೆಯಿಂದ ಠಾಣೆಗೆ ಅಲೆಯದಂತೆ ಕಾಪಾಡುವುದು.

ಮೂಲ ಕಾಗದಗಳನ್ನು ಕುದುರೆಯ ಜೊತೆ ಕಳಿಸಬೇಡಿ. ಅಶ್ವಮೇಧದ ಕುದುರೆಗೆ ಒಡೆತನದ ಪತ್ರವನ್ನು ಹಣೆಗೇ ಕಟ್ಟಿ ಬಿಟ್ಟಿದ್ದರು. ಲಕ್ಷ್ಮೀಶನ ಜೈಮಿನಿ ಭಾರತ ಓದಿದವರಿಗೆ ಮುಂದಿನದು ಗೊತ್ತು: ಲವ ಅದನ್ನು ಓದಿಯೇ ರೇಗಿ, ಉತ್ತರೀಯದಿಂದ ಕುದುರೆಯನ್ನು ಬಾಳೆ ಗಿಡಕ್ಕೆ ಬಿಗಿದ. ಬಿಡು, ಅರಸರ ಕುದುರೆ ಎಂದು ಜೊತೆಯ ಹುಡುಗರು ಅಂಗಲಾಚಿದರೂ ಕೇಳಲಿಲ್ಲ. ಚಿನ್ನದ ಪಟ್ಟಿ, ಚಕ್ರವರ್ತಿಯ ಹೆಸರು, ಹಿಂದೆ ಸೈನ್ಯ ಎಲ್ಲ ಇದ್ದೂ ಆದದ್ದು ಇಷ್ಟು. ನಿಮ್ಮದು ಜೆರಾಕ್ಸ್ ಪ್ರತಿ. ಸಂಯಮ ಇರಲಿ.

ವಿಶೇಷ ಸೂಚನೆ: ಇಲ್ಲ ಎನ್ನುವುದು ಹೇಗೆ

ಕೊಡದಿರುವುದೂ ಒಂದು ವಿದ್ಯೆ. ಅದನ್ನು ಅರಿಯದೆ ಇದೇ ಊರಲ್ಲಿ ಒಮ್ಮೆ ದೊಡ್ಡ ಅನಾಹುತವಾಗಿದೆ. 1857ರ ಜನವರಿಯಲ್ಲಿ ಡಮ್ ಡಮ್‌ನ ಮದ್ದುಗುಂಡಿನ ಕಾರ್ಖಾನೆಯ ಖಲಾಸಿಯೊಬ್ಬ ಬ್ರಾಹ್ಮಣ ಸಿಪಾಯಿಯ ಲೋಟಾದಿಂದ ನೀರು ಕುಡಿಯಲು ಕೇಳಿದ. ಸಿಪಾಯಿ ಜಾತಿ ಎತ್ತಿ ಇಲ್ಲ ಎಂದ. ಹಸು ಹಂದಿಯ ಕೊಬ್ಬು ಸವರಿದ ತೋಟಾ ಬಾಯಲ್ಲಿ ಕಚ್ಚಬೇಕಾದಾಗ ನಿನ್ನ ಜಾತಿ ಎಲ್ಲಿ ಉಳಿಯುತ್ತದೆ ಎಂಬರ್ಥದ ಮಾತು ತಿರುಗಿ ಬಂತು. ಅಧಿಕಾರಿಗಳು ಇದನ್ನು ವರದಿ ಮಾಡುವಷ್ಟರಲ್ಲಿ ಸುದ್ದಿ ಬ್ಯಾರಕ್‌ಪುರಕ್ಕೆ ಹಬ್ಬಿತ್ತು. ಆ ವರ್ಷ ಏನೇನಾಯಿತು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅದಕ್ಕೆ ಕಾರಣಗಳು ನೂರಿದ್ದವು, ಆದರೆ ಈ ಕೈಪಿಡಿಗೆ ಬೇಕಾದ ಪಾಠ ಒಂದೇ: ಇಲ್ಲ ಎನ್ನುವಾಗ ಕಾರಣ ವಸ್ತುವಿನದಾಗಿರಲಿ, ಕೇಳಿದವರದಾಗಬಾರದು. ‘ಲಾಳ ಸಡಿಲಾಗಿದೆ’ ಎನ್ನಿ, ‘ಪಟಾಕಿಗೆ ಬೆದರುತ್ತೆ’ ಎನ್ನಿ. ‘ನಿಮ್ಮಂಥವರಿಗೆ’ ಎಂದು ಮಾತು ಶುರು ಮಾಡಬೇಡಿ.

ದೋಷ ನಿವಾರಣೆ

ಕುದುರೆ ಹೇಳಿದ ದಿನ ಬರಲಿಲ್ಲ: ಅವಧಿ ಮುಗಿದ ಮೇಲೆ ಕೇಳದಿದ್ದರೂ ತಂದುಕೊಡಬೇಕಾದ್ದು ಅವರ ಧರ್ಮ (ಕರಾರು ಕಾಯಿದೆಯ ಕಲಂ 160). ಅವರ ತಪ್ಪಿನಿಂದ ತಡವಾದರೆ, ಆ ಹೊತ್ತಿನಿಂದಾಚೆಗೆ ಕುದುರೆಗೆ ಏನಾದರೂ ಹೊಣೆ ಅವರದೇ (161). ಆದ್ದರಿಂದ ಆ ದಿನವೇ ಸಂದೇಶ ಕಳಿಸಿ. ‘ಯಾವಾಗ ಬರ್ತೀರಾ?’ ಎಂದು ಕೇಳಿದರೆ ನೀವೇ ಅವಧಿ ವಿಸ್ತರಿಸಿದಂತೆ ಕಾಣಬಹುದು. ‘ನಿನ್ನೆ ರಾತ್ರಿ 11ಕ್ಕೆ ಬರಬೇಕಿತ್ತು’ ಎಂದು ಬರೆಯಿರಿ.

ಅವಧಿಗೆ ಮೊದಲೇ ಬೇಕಾಗಿದೆ: ಪುಕ್ಕಟೆ ಕೊಟ್ಟಿದ್ದರೆ ಯಾವಾಗ ಬೇಕಾದರೂ ಹಿಂದಕ್ಕೆ ಕೇಳಬಹುದು (159). ಆದರೆ ನಿಮ್ಮ ಮಾತು ನಂಬಿ ಅವರು ಏರ್ಪಾಡು ಮಾಡಿಕೊಂಡು, ಆದ ಉಪಯೋಗಕ್ಕಿಂತ ನಷ್ಟವೇ ಹೆಚ್ಚಾಗುವಂತಿದ್ದರೆ ಆ ಹೆಚ್ಚಿನದನ್ನು ನೀವು ಕಟ್ಟಿಕೊಡಬೇಕು. ಮೆರವಣಿಗೆಯ ನಡುವೆ ವರನನ್ನು ಇಳಿಸಬೇಡಿ.

ಬೇರೆ ಬಿಳಿ ಕುದುರೆ ಬಂದಿದೆ: ಗುರುತಿನ ಹಾಳೆ ತೆಗೆಯಿರಿ. ಸುಳಿ ನೋಡಿ.

ಪಳಗಿಸಲು ಕೊಟ್ಟಿದ್ದು, ಬಿಟ್ಟುಕೊಡುತ್ತಿಲ್ಲ: ಕುದುರೆಯ ಮೇಲೆ ಕರಾರಿನಂತೆ ದುಡಿಮೆ, ಕೌಶಲ ಹಾಕಿದವರು ಕೂಲಿ ಸಲ್ಲುವವರೆಗೆ ಹಿಡಿದಿಟ್ಟುಕೊಳ್ಳಬಹುದು (170). ಕೊಟ್ಟು ಬಿಡಿಸಿಕೊಳ್ಳಿ.

ಅವರು ಅದನ್ನು ಮಾರಿಬಿಟ್ಟಿದ್ದಾರೆ: ತನ್ನದಲ್ಲದ್ದನ್ನು ಮಾರಿದವನಿಂದ ಕೊಂಡವನಿಗೆ ಒಡೆತನ ದಕ್ಕುವುದಿಲ್ಲ ಎನ್ನುತ್ತದೆ 1930ರ ಸರಕು ಮಾರಾಟ ಕಾಯಿದೆ. ಆದರೆ ಮಾರುವ ಹಕ್ಕು ಅವನಿಗಿದೆ ಎಂದು ನಂಬುವ ಹಾಗೆ ನೀವೇ ನಡೆದುಕೊಂಡಿದ್ದರೆ ಬಾಯಿ ಬಿಡುವಂತಿಲ್ಲ. ಮದುವೆ ಮನೆಯಲ್ಲಿ ಯಾರೋ ‘ಇದು ನಮ್ಮ ಕುದುರೆ’ ಎಂದಾಗ ಪಕ್ಕದಲ್ಲಿ ನಿಂತು ಮುಗುಳ್ನಗುವ ಅಭ್ಯಾಸ ಬಿಡಿ. ಜಂಬ ಕೊಚ್ಚಿಕೊಂಡವರ ಮೇಲೆ ಅಲ್ಲ, ನಕ್ಕು ಸುಮ್ಮನಾದವರ ಮೇಲೆ ಬರುತ್ತದೆ ಈ ಕಲಂ.

ಕಡ ಒಯ್ದವರು ತೀರಿಕೊಂಡಿದ್ದಾರೆ: ಪುಕ್ಕಟೆ ಕೊಟ್ಟ ಕಡ ಇಬ್ಬರಲ್ಲಿ ಯಾರು ಸತ್ತರೂ ಮುಗಿಯುತ್ತದೆ (162). ವೈಕುಂಠ ಸಮಾರಾಧನೆ ಕಳೆಯುವವರೆಗೆ ಕಾಯುವಷ್ಟು ದಾಕ್ಷಿಣ್ಯಕ್ಕೆ ಈ ಕೈಪಿಡಿಯಲ್ಲಿ ಅನುಮತಿ ಇದೆ.

ಕುದುರೆಯೇ ತೀರಿಕೊಂಡಿದೆ: ಮಣ್ಣು ಮಾಡುವ ಮೊದಲು ಮರಣೋತ್ತರ ಪರೀಕ್ಷೆ ಮಾಡಿಸಿ, ವರದಿ ಪಡೆಯಿರಿ. ಅವರು ತಕ್ಕ ಜೋಪಾನ ಮಾಡಿದ್ದರೆ, ಪತ್ರದಲ್ಲಿ ಬೇರೆ ಷರತ್ತಿಲ್ಲದಿದ್ದರೆ ಅವರನ್ನು ಹೊಣೆ ಮಾಡಲಾಗದು (152). ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಆದರೂ ನ್ಯಾಯ.

ಕೊನೆಯ ಹಂತ: ಹಿಂದಿರುಗಿಸಿದ್ದಕ್ಕೆ ರಸೀದಿ

ಕೈಪಿಡಿ ಇಲ್ಲಿಯವರೆಗೆ ಮಾಲೀಕರ ಪರ ಮಾತಾಡಿದೆ. ಈಗ ಅವರ ಕಡೆ ತಿರುಗಿ ಒಂದು ಮಾತು. ಹೇಳಿದ ದಾರಿಯಲ್ಲಿ ಹೋಗಿ, ಹೇಳಿದ ಹೊತ್ತಿಗೆ ಬಂದು, ಮೈ ಉಜ್ಜಿಸಿ ಕುದುರೆಯನ್ನು ಕಟ್ಟಿ ಹೋದವರಿಗೆ ನೀವು ಏನು ಕೊಟ್ಟಿರಿ? ಕಡಪತ್ರದ ಎರಡೂ ಪ್ರತಿಗಳ ಮೇಲೆ ‘ತೀರಿದೆ’ ಎಂದು ಅಡ್ಡ ಬರೆಯಿರಿ. ಸೈಸ್ ಜೊತೆ ನಿಂತು ಗೊರಸು, ಬೆನ್ನು, ಬಾಯಿ ನೋಡಿ, ಜೀನಿನ ಪಟ್ಟಿಗೆ ಒಂದೊಂದಾಗಿ ಗುರುತು ಹಾಕಿ, ‘ಕುದುರೆ ಸುಸ್ಥಿತಿಯಲ್ಲಿ ತಲುಪಿದೆ’ ಎಂದು ತಾರೀಖು ಸಮೇತ ಸಹಿ ಮಾಡಿ ಒಂದು ಪ್ರತಿ ಅವರ ಕೈಗಿಡಿ. ಇಲ್ಲವಾದರೆ ಮುಂದೆ ಎಷ್ಟೋ ವರ್ಷ ಕುದುರೆ ಕುಂಟಿದಾಗಲೆಲ್ಲ, ಕೆಮ್ಮಿದಾಗಲೆಲ್ಲ, ‘ಆ ಮದುವೆಗೆ ಕೊಟ್ಟ ಮೇಲೇ ಹೀಗಾಗಿದ್ದು’ ಎಂದು ಬಂದವರ ಮುಂದೆಲ್ಲ ಹೇಳಿಕೊಂಡು ತಿರುಗುತ್ತೀರಿ. ಕಡ ಒಯ್ದವರನ್ನು ಹಿಡಿದಿಡಲು ಒಂದು ಪತ್ರ ಸಾಕು. ಕಡ ಕೊಟ್ಟವರ ಬಾಯಿಗೆ ಕಡಿವಾಣ ಹಾಕಲು ಇನ್ನೊಂದು ಬೇಕು.